ಬಾಯಿಗೂ ಬೇಕು ಮೆಗಾ ಬ್ಲಾಕ್

ಕಳೆದ ಚಳಿಗಾಲದ ಒಂದು ಭಾನುವಾರ, ಮುಲುಂಡಿನ ನಮ್ಮ ಕಟ್ಟಡದ ಏಳು ವರ್ಷದ ಹುಡುಗಿ ಬೆಂಕಿಪೊಟ್ಟಣ ಹಿಡಿದುಕೊಂಡು ಬಂದಳು. ಒಳಗೆ ಹತ್ತಿ, ಹತ್ತಿಯ ಮೇಲೆ ಅಕ್ಕಿಕಾಳಿಗಿಂತ ತುಸು ದೊಡ್ಡದೊಂದು ಹಾಲುಹಲ್ಲು.

"ಹಲ್ಲು ಬಿದ್ದರೆ ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯಬೇಕಂತೆ. ಉಡುಪಿಯ ಅಜ್ಜಿ ಫೋನಿನಲ್ಲಿ ಹೇಳಿದ್ರು. ನಮ್ಮದು ಹನ್ನೊಂದನೇ ಮಹಡಿ. ಮಾಡು ಎಲ್ಲಿದೆ ಟೀಚರ್?"

ಮಾಡೂ ಇಲ್ಲ, ಸಗಣಿಯೂ ಇಲ್ಲ. ಆದರೆ ನನ್ನ ಹತ್ತಿರ ಒಂದು ಭೂತಗನ್ನಡಿ ಇತ್ತು. ಎಸೆಯುವ ಮೊದಲು ನೋಡೋಣ ಬಾ ಎಂದೆ. ಕಿಟಕಿಯ ಬೆಳಕಿನಲ್ಲಿ ಇಬ್ಬರೂ ಕೂತು ನೋಡಿದೆವು.

ಮೊದಲು ಅವಳ ಕಣ್ಣಿಗೆ ಬಿದ್ದದ್ದು ಇಲ್ಲದ ವಸ್ತು. "ಇದಕ್ಕೆ ಬೇರೇ ಇಲ್ಲ!" ನಿಜ. ಹಾಲುಹಲ್ಲಿಗೂ ಉದ್ದನೆಯ ಬೇರು ಇರುತ್ತದೆ, ಮಕ್ಕಳೇ. ಒಸಡಿನೊಳಗೆ ಹೊಸ ಹಲ್ಲು ಮೇಲೇಳುತ್ತಾ ಬಂದಂತೆ, ದೇಹದ ಕೆಲವು ಕಣಗಳು ಹಳೆಯ ಹಲ್ಲಿನ ಬೇರನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿಬಿಡುತ್ತವೆ. ಬೇರು ಸವೆದ ಮೇಲೆ ಹಲ್ಲು ಅಲ್ಲಾಡುತ್ತದೆ, ಚಕ್ಕುಲಿ ಕಚ್ಚಿದಾಗ ಕೈಗೆ ಬರುತ್ತದೆ. ಯಾರೂ ಕೀಳಬೇಕಿಲ್ಲ. ಇಪ್ಪತ್ತು ಹಾಲುಹಲ್ಲುಗಳೂ ಹೀಗೇ ಜಾಗ ಬಿಟ್ಟುಕೊಡುತ್ತವೆ. ಎಲ್ಲ ಬೆಳೆದು ನಿಂತಾಗ ದೊಡ್ಡವರ ಬಾಯಲ್ಲಿ ಮೂವತ್ತೆರಡು.

ಆಮೇಲೆ ಕಂಡದ್ದು ಹಲ್ಲಿನ ಪಕ್ಕದಲ್ಲೊಂದು ಕಂದು ಗುಳಿ. ಸಾಸಿವೆಕಾಳು ಕೂರುವಷ್ಟು. ಅವಳ ಮುಖ ಸಣ್ಣದಾಯಿತು.

"ಹುಳ ತಿಂದಿದೆ."

ನಮ್ಮ ಮಾತಿನಲ್ಲೇ ಆ ಹುಳ ಸೇರಿಕೊಂಡಿದೆ ನೋಡಿ: ಹುಳುಕು ಹಲ್ಲು ಅನ್ನುತ್ತೇವೆ. ಹಲ್ಲಿನೊಳಗೆ ಹುಳ ಹೊಕ್ಕು ಕೊರೆಯುತ್ತದೆ ಎಂದು ಬೇರೆ ಬೇರೆ ದೇಶಗಳ ಜನರೂ ಸಾವಿರಾರು ವರ್ಷ ನಂಬಿದ್ದರು. ಫ್ರಾನ್ಸಿನ ದಂತವೈದ್ಯ ಪಿಯೆರ್ ಫೊಶಾರ್ ಮಸೂರದ ಕೆಳಗಿಟ್ಟು ಹುಡುಕಿ, ಅಂಥ ಹುಳವೇ ಕಾಣಲಿಲ್ಲ ಎಂದು 1728ರ ತನ್ನ ಪುಸ್ತಕದಲ್ಲಿ ಬರೆದ. ಸಕ್ಕರೆಯ ಮೇಲೆ ಅವನಿಗೆ ಆಗಲೇ ಅನುಮಾನವಿತ್ತು.

ಹುಳ ಇಲ್ಲ. ಆದರೆ ಬಾಯಲ್ಲಿ ಜೀವಿಗಳು ಇವೆ. ಅವನ್ನು ಮೊದಲು ಕಂಡವನು ವೈದ್ಯನಲ್ಲ, ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ. ಹೆಸರು ಲೀವನ್‌ಹುಕ್. ತಾನೇ ಮಸೂರ ಉಜ್ಜಿ ಸೂಕ್ಷ್ಮದರ್ಶಕ ಮಾಡಿಕೊಂಡಿದ್ದ. ದಿನವೂ ಬೆಳಿಗ್ಗೆ ಉಪ್ಪಿನಿಂದ ಹಲ್ಲು ತಿಕ್ಕುವ ಅಭ್ಯಾಸ ಅವನದು. ಆದರೂ ಹಲ್ಲಿನ ಸಂದಿಯಲ್ಲಿ ಹಿಟ್ಟಿನಂಥ ಬಿಳಿ ಅಂಟು ಉಳಿಯುವುದನ್ನು ಗಮನಿಸಿದ. ಅದನ್ನು ಕೆರೆದು ಮಳೆನೀರಿನಲ್ಲಿ ಬೆರೆಸಿ ನೋಡಿದರೆ ಲೆಕ್ಕವಿಲ್ಲದಷ್ಟು ಪುಟಾಣಿ ಜೀವಿಗಳು ಓಡಾಡುತ್ತಿದ್ದವು! 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಬಾಯಿಯನ್ನೇ ತೊಳೆಯದ ಒಬ್ಬ ಮುದುಕನ ಅಂಟನ್ನೂ ಕೇಳಿ ಪಡೆದು ನೋಡಿದ್ದ. ಅಲ್ಲಿ ಇನ್ನೂ ಹೆಚ್ಚು.

ಬೆಳಿಗ್ಗೆ ಎದ್ದ ಕೂಡಲೇ ಉಗುರಿನಿಂದ ಹಲ್ಲನ್ನು ಮೆಲ್ಲಗೆ ಕೆರೆದು ನೋಡಿ. ಆ ಬಿಳಿ ಅಂಟು ನಿಮಗೂ ಸಿಗುತ್ತದೆ. ಲೀವನ್‌ಹುಕ್ ನೋಡಿದ್ದು ಅದನ್ನೇ.

ಈ ಜೀವಿಗಳು, ಅಂದರೆ ಬ್ಯಾಕ್ಟೀರಿಯಾಗಳು, ಹಲ್ಲನ್ನು ತಿನ್ನುವುದಿಲ್ಲ. ಅವಕ್ಕೆ ಬೇಕಾದದ್ದು ನಾವು ತಿಂದ ಸಿಹಿ. ಸಿಹಿ ತಿಂದು ಅವು ಹೊರಬಿಡುವುದು ಆಮ್ಲ, ನಿಂಬೆರಸದಂಥ ಹುಳಿ. ಹಲ್ಲನ್ನು ಕರಗಿಸುವುದು ಆ ಹುಳಿ. ಇದನ್ನು ಸ್ಪಷ್ಟವಾಗಿ ತೋರಿಸಿದವನು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್. ಕಿತ್ತ ಹಲ್ಲುಗಳನ್ನು ಜೊಲ್ಲು ಮತ್ತು ಬ್ರೆಡ್ಡು ಬೆರೆಸಿದ ಪಾತ್ರೆಯಲ್ಲಿ ಬೆಚ್ಚಗೆ ಇಟ್ಟ. ಹಲ್ಲು ಮೆತ್ತಗಾಯಿತು. ಜೊಲ್ಲನ್ನು ಮೊದಲೇ ಕುದಿಸಿ, ಒಳಗಿನ ಜೀವಿಗಳನ್ನು ಕೊಂದು ಇಟ್ಟಾಗ ಹಲ್ಲಿಗೆ ಏನೂ ಆಗಲಿಲ್ಲ. 1890ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದ.

ಬ್ರೆಡ್ಡು ಎಂಬ ಮಾತನ್ನು ಮುಂಬಯಿಯ ಮಕ್ಕಳು ಸ್ವಲ್ಪ ನಿಂತು ಯೋಚಿಸಬೇಕು. ನಮ್ಮ ವಡಾಪಾವಿನ ಪಾವ್ ಬಾಯಿಗೆ ಸಿಹಿ ಅನ್ನಿಸುವುದಿಲ್ಲ. ಆದರೆ ಅದರ ಮೈದಾ ಪಿಷ್ಟ. ಜೊಲ್ಲು ಸೇರಿದ ಕೂಡಲೇ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ. ಪಾವಿನ ಚೂರೊಂದನ್ನು ನುಂಗದೆ ಎರಡು ನಿಮಿಷ ಅಗಿಯುತ್ತಲೇ ಇರಿ. ಸಿಹಿ ಬರುತ್ತದೆ. ಪಾವ್ ದವಡೆ ಹಲ್ಲಿನ ಗುಳಿಗಳಿಗೆ ಅಂಟಿಕೊಂಡು ಕೂರುವುದೂ ಹೌದು. ವಡಾಪಾವ್ ತಿನ್ನಬೇಡಿ ಎಂದು ನಾನು ಹೇಳಲಾರೆ. ತಿಂದ ಮೇಲೆ ಒಂದು ಗುಟುಕು ನೀರು ಬಾಯಿತುಂಬ ಹಾಕಿ ಮುಕ್ಕಳಿಸಿ, ಅಷ್ಟೇ.

ಹುಳಿ ಹೇಗೆ ಕರಗಿಸುತ್ತದೆ ಎಂದು ಹುಡುಗಿಗೆ ತೋರಿಸಲು ನಾವೊಂದು ಪ್ರಯೋಗ ಮಾಡಿದೆವು. ಜುಹು ಕಡಲ ದಂಡೆಯಲ್ಲಿ ಹೆಕ್ಕಿಟ್ಟ ಖಾಲಿ ಕಪ್ಪೆಚಿಪ್ಪು ಅವಳ ಹತ್ತಿರ ರಾಶಿ ಇದ್ದವು. ಒಂದನ್ನು ನೀರಿನ ಲೋಟದಲ್ಲಿ, ಇನ್ನೊಂದನ್ನು ವಿನೆಗರ್ ತುಂಬಿದ ಲೋಟದಲ್ಲಿ ಹಾಕಿಟ್ಟೆವು. ವಿನೆಗರಿನದ್ದು ಆ ಕ್ಷಣವೇ ಗುಳ್ಳೆ ಬಿಡತೊಡಗಿತು. ಮರುದಿನ ತೆಗೆದು ನೋಡಿದರೆ ಅಂಚು ತೆಳುವಾಗಿ, ಬೆರಳಿಗೆ ಪುಡಿಪುಡಿಯಾಯಿತು. ನೀರಿನ ಚಿಪ್ಪು ಹಾಗೇ ಇತ್ತು. ಹಲ್ಲೂ ಚಿಪ್ಪೂ ಒಂದೇ ವಸ್ತುವಲ್ಲ, ಇದನ್ನು ಮರೆಯಬಾರದು. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಹಲ್ಲಿನ ಹೊರಕವಚ ಎನಾಮಲ್ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಖನಿಜ. ನಮ್ಮ ಮೈಯಲ್ಲಿ ಎನಾಮಲ್‌ನಷ್ಟು ಗಟ್ಟಿ ಬೇರೇನೂ ಇಲ್ಲ, ಎಲುಬೂ ಅಲ್ಲ. ಆದರೂ ಹುಳಿಗೆ ಅದು ಸೋಲುತ್ತದೆ, ಗುಳ್ಳೆಯಿಲ್ಲದೆ, ಸದ್ದಿಲ್ಲದೆ, ತಿಂಗಳುಗಟ್ಟಲೆ.

ಹಾಗಾದರೆ ನಮ್ಮೆಲ್ಲರ ಹಲ್ಲೂ ಯಾಕೆ ಕರಗಿಹೋಗಿಲ್ಲ? ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು.

ಭಾನುವಾರದ ಮೆಗಾ ಬ್ಲಾಕ್ ನಿಮಗೆಲ್ಲ ಗೊತ್ತು. ಕೆಲವು ಗಂಟೆ ಹಳಿಯ ಮೇಲೆ ಲೋಕಲ್ ಓಡಿಸುವುದಿಲ್ಲ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟವರು ಹಳಿಗಿಳಿದು ಸಡಿಲವಾದದ್ದನ್ನು ಬಿಗಿಮಾಡುತ್ತಾರೆ, ಸವೆದದ್ದನ್ನು ಬದಲಿಸುತ್ತಾರೆ. ಬಾಯಲ್ಲಿ ಆ ಕೆಲಸ ಮಾಡುವುದು ಜೊಲ್ಲು. ನಾವು ಅಸಹ್ಯಪಡುವ ಎಂಜಲು! ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೂ ದೊಡ್ಡವರ ಬಾಯಲ್ಲಿ ಊರುತ್ತದೆ. ಅದು ಹುಳಿಯನ್ನು ತೊಳೆದು, ಅದರ ತೀಕ್ಷ್ಣತೆ ತೆಗೆದು, ತನ್ನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟನ್ನು ಎನಾಮಲ್‌ಗೆ ಮತ್ತೆ ಮೆತ್ತುತ್ತದೆ. ಈಗಷ್ಟೇ ಕರಗತೊಡಗಿದ, ಸುಣ್ಣ ಹಚ್ಚಿದಂತೆ ಕಾಣುವ ಬಿಳಿ ಕಲೆ ಹೀಗೆ ವಾಸಿಯಾಗಬಲ್ಲದು. ಆದರೆ ಗುಳಿಯೇ ಬಿದ್ದರೆ ಜೊಲ್ಲಿನ ಕೈಯಲ್ಲೂ ಆಗದು, ಏಕೆಂದರೆ ಎನಾಮಲ್‌ನಲ್ಲಿ ಜೀವಕಣಗಳಿಲ್ಲ. ಮಂಡಿ ತರಚಿದರೆ ಚರ್ಮ ಮತ್ತೆ ಬರುತ್ತದೆ, ಮುರಿದ ಎಲುಬು ಕೂಡುತ್ತದೆ. ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಒಮ್ಮೆ ಸಿಹಿ ತಿಂದರೆ ಹುಳಿ ಇಳಿದು ರಿಪೇರಿ ಶುರುವಾಗಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಈಗ ಲೆಕ್ಕ ಹಾಕಿ. ಶಾಲೆಯಿಂದ ಬರುವಾಗ ಒಂದು ಚಾಕೊಲೇಟು, ಟ್ಯೂಷನ್ನಿಗೆ ಹೋಗುವಾಗ ಬಿಸ್ಕತ್ತು, ಆಮೇಲೆ ಕಾಲಾ ಖಟ್ಟಾ ಗೋಲಾ, ನಡುನಡುವೆ ಬಾಟಲಿಯ ಶರಬತ್ತು. ಮೆಗಾ ಬ್ಲಾಕ್ ಸಿಗುವುದು ಯಾವಾಗ? ಹಳಿಯ ಮೇಲೆ ಗಾಡಿ ಬಂದದ್ದೇ ಬಂದದ್ದು. ಅದಕ್ಕೇ, ಅದೇ ನಾಲ್ಕು ಲಡ್ಡುವನ್ನು ಊಟದ ಜೊತೆ ಒಮ್ಮೆಲೇ ತಿಂದವನಿಗಿಂತ ದಿನವಿಡೀ ಚೂರುಚೂರು ಚಪ್ಪರಿಸಿದವನ ಹಲ್ಲಿಗೆ ಏಟು ಜಾಸ್ತಿ. ಎಷ್ಟು ತಿಂದೆ ಎನ್ನುವುದಕ್ಕಿಂತ ಎಷ್ಟು ಸಲ ತಿಂದೆ ಎನ್ನುವುದು ದೊಡ್ಡದು.

ರೈಲಿಗೂ ಬಾಯಿಗೂ ಒಂದು ವ್ಯತ್ಯಾಸ ಮಾತ್ರ ಇದೆ. ರಾತ್ರಿ ಒಂದು ಗಂಟೆಯ ಸುಮಾರಿಗೆ ಕೊನೆಯ ಲೋಕಲ್ ಹೋದರೆ ಬೆಳಗಿನ ನಾಲ್ಕರ ಸುಮಾರಿಗೆ ಮೊದಲ ಲೋಕಲ್ ಬರುವವರೆಗೆ ಹಳಿಯ ಕೆಲಸಗಾರರು ದುಡಿಯುತ್ತಾರೆ. ಜೊಲ್ಲು ಹಾಗಲ್ಲ. ನಾವು ನಿದ್ದೆ ಹೋದಾಗ ಅದೂ ತೀರಾ ಕಡಿಮೆಯಾಗುತ್ತದೆ. ಬೆಳಿಗ್ಗೆ ಬಾಯಿ ಒಣಗಿರುವುದು ಅದಕ್ಕೇ. ರಾತ್ರಿ ಸಕ್ಕರೆ ಹಾಕಿದ ಹಾಲು ಕುಡಿದು ಹಾಗೇ ಮಲಗಿದರೆ ಆ ಸಿಹಿ ಎಂಟು ಗಂಟೆ ಅಲ್ಲೇ ನಿಂತಿರುತ್ತದೆ, ಕೇಳುವವರಿಲ್ಲ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಹಲ್ಲುಜ್ಜದೆ ಕಾಫಿ ಕೊಡುವುದಿಲ್ಲ. ಒಳ್ಳೆಯದು. ಆದರೆ ಅಪ್ಪ ಹೋಟೆಲು ಮುಚ್ಚಿ ಹನ್ನೊಂದಕ್ಕೆ ಬರುವ ಮನೆ, ಅಮ್ಮ ಲೋಕಲಿನಲ್ಲಿ ನಿಂತು ಸುಸ್ತಾಗಿ ಬರುವ ಮನೆಗಳಲ್ಲಿ ರಾತ್ರಿಯದು ತಪ್ಪಿಹೋಗುತ್ತದೆ. ಎರಡರಲ್ಲಿ ಒಂದನ್ನು ಎಂದೂ ಬಿಡಬಾರದು ಅಂದರೆ ನಾನು ರಾತ್ರಿಯದನ್ನೇ ಹೇಳುವೆ. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ.

ಎಷ್ಟು ಹೊತ್ತು? ಎರಡು ನಿಮಿಷ. ಹೆಚ್ಚುಕಡಿಮೆ ಮುಲುಂಡ್ ಬಿಟ್ಟ ಸ್ಲೋ ಲೋಕಲ್ ನಾಹೂರ್ ತಲುಪುವಷ್ಟು. ಹುಡುಗಿ ಈಗ ಮನಸ್ಸಿನಲ್ಲೇ ಗಾಡಿ ಬಿಡುತ್ತಾಳೆ. ಮೆತ್ತನೆಯ ಬ್ರಷ್ಷು, ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಸಣ್ಣ ಸಣ್ಣ ಸುತ್ತು. ಪಾತ್ರೆ ತಿಕ್ಕಿದಂತೆ ಬೇಡ. ಏಳೆಂಟು ವರ್ಷದವರೆಗೆ ದೊಡ್ಡವರೊಬ್ಬರು ಕೊನೆಯಲ್ಲಿ ಕೈಹಾಕಲಿ, ಏಕೆಂದರೆ ಪುಟ್ಟ ಕೈಗೆ ಹಿಂದಿನ ದವಡೆ ಎಟುಕುವುದಿಲ್ಲ. ಪೇಸ್ಟು ಜಾಹೀರಾತಿನಲ್ಲಿ ತೋರಿಸಿದಂತೆ ಬ್ರಷ್ಷಿನ ಉದ್ದಕ್ಕೂ ಬೇಡವೇ ಬೇಡ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅದಕ್ಕಿಂತ ದೊಡ್ಡವರಿಗೆ ಬಟಾಣಿಯಷ್ಟು. ಪೇಸ್ಟಿನ ಫ್ಲೋರೈಡ್ ಎನಾಮಲ್‌ನ ರಿಪೇರಿಯನ್ನು ಇನ್ನಷ್ಟು ಗಟ್ಟಿಮಾಡುತ್ತದೆ, ಆದರೆ ಅದನ್ನು ನುಂಗಬಾರದು. ಕರ್ನಾಟಕದ ಪಾವಗಡದ ಕಡೆ ಅಂತರ್ಜಲದಲ್ಲೇ ಫ್ಲೋರೈಡ್ ಹೆಚ್ಚು. ಚಿಕ್ಕಂದಿನಿಂದ ಆ ಬೋರ್‌ವೆಲ್ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆಗಳು ಕಾಣುತ್ತವೆ. ಔಷಧಿಯಂಥದ್ದು, ಅಳತೆ ಮೀರಬಾರದು.

ಅಜ್ಜಿ ಚಿಕ್ಕವರಿದ್ದಾಗ ಪೇಸ್ಟು ಎಲ್ಲಿತ್ತು? ಮಾವಿನೆಲೆ ಮಡಚಿ ತಿಕ್ಕುತ್ತಿದ್ದರಂತೆ, ಇಲ್ಲವೇ ಭತ್ತದ ಹೊಟ್ಟು ಸುಟ್ಟ ಕರಿ. ಘಟ್ಟದ ಮೇಲಿನವರಿಗೆ ನಂಜನಗೂಡು ಹಲ್ಲುಪುಡಿ. ಬಿ. ವಿ. ಪಂಡಿತರು 1913ರಲ್ಲಿ ಶುರುಮಾಡಿದ ಸದ್ವೈದ್ಯಶಾಲೆಯದು ಅದು. ಅಂಟನ್ನು ಉಜ್ಜಿ ತೆಗೆಯಬೇಕು ಎಂಬುದು ಆ ಕಾಲದವರಿಗೂ ಗೊತ್ತಿತ್ತು. ತರಿತರಿ ಪುಡಿಯನ್ನು ಒತ್ತಿ ತಿಕ್ಕಿದರೆ ಎನಾಮಲ್ ಸವೆಯುತ್ತದೆ, ಅಷ್ಟು ಎಚ್ಚರ ಬೇಕು. ಆದರೆ ಮುಂಬಯಿಯಲ್ಲಿ ಮಿಶ್ರಿ ಎಂಬ ಕಪ್ಪು ಪುಡಿ ಸಿಗುತ್ತದಲ್ಲ, ಅದು ಹಲ್ಲುಪುಡಿಯೇ ಅಲ್ಲ, ಹುರಿದ ತಂಬಾಕು. ಚಟ ಹತ್ತಿಸುತ್ತದೆ, ಬಾಯಿಯ ಕ್ಯಾನ್ಸರಿಗೆ ದಾರಿ. ಯಾರು ಪ್ರೀತಿಯಿಂದ ಕೊಟ್ಟರೂ ಬೆರಳಿಗೂ ಮುಟ್ಟಿಸಬೇಡಿ.

"ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಯಾಕೆ?" ಎಂದು ಹುಡುಗಿಯ ಅಣ್ಣ ಕೇಳಿದ. ನಾನು ಅವಳ ಬಾಯಿಗೆ ಟಾರ್ಚು ಬಿಟ್ಟು, ಅವನಿಗೇ ಕೆಳಗಿನ ಸಾಲು ಎಣಿಸಲು ಹೇಳಿದೆ. ಎರಡೂ ಕಡೆ ಕೊನೆಯಲ್ಲಿ ಒಂದೊಂದು ದೊಡ್ಡ ದವಡೆ ಹಲ್ಲು. ಆರನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಇವು ಬರುತ್ತವೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಆಗುವುದಿಲ್ಲ, ಹಾಲುಹಲ್ಲೆಂದೇ ಬಿಟ್ಟುಬಿಡುತ್ತಾರೆ. ಇವು ಬೀಳುವ ಹಲ್ಲಲ್ಲ, ಅಜ್ಜಿಯಾದಾಗಲೂ ಇರಬೇಕಾದವು. ಪಕ್ಕದ ಹಾಲುಹಲ್ಲು ಹುಳುಕಾದರೆ ಇದಕ್ಕೂ ತಗಲುವುದು ಸುಲಭ. ಹಾಲುಹಲ್ಲು ಕಾಲಕ್ಕೆ ಮೊದಲೇ ಹೋದರೆ ಇದು ಮುಂದಕ್ಕೆ ವಾಲಿ, ಹೊಸ ಹಲ್ಲಿನ ಜಾಗ ನುಂಗುತ್ತದೆ.

ಮರುವಾರ ಅವಳ ಅಮ್ಮ ಅವಳನ್ನು ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆಗೆ ಕರೆದೊಯ್ದರು. ಅದು ನಮ್ಮ ಮಹಾನಗರ ಪಾಲಿಕೆಯದ್ದು, ಮಕ್ಕಳ ಹಲ್ಲಿಗೆಂದೇ ಬೇರೆ ವಿಭಾಗವಿದೆ. ಪಕ್ಕದ ಹಲ್ಲಿನಲ್ಲೂ ಒಂದು ಪುಟ್ಟ ಗುಳಿ ಇತ್ತಂತೆ, ತುಂಬಿಸಿ ಕಳಿಸಿದರು. ನೋವು ಬರುವ ಮೊದಲೇ ಹೋದದ್ದರಿಂದ ಅತ್ತದ್ದಿಲ್ಲ.

ಬೆಂಕಿಪೊಟ್ಟಣ ಮಾತ್ರ ನಾಲ್ಕು ತಿಂಗಳು ನನ್ನ ಕಪಾಟಿನಲ್ಲೇ ಇತ್ತು. ಮೇ ರಜೆಯಲ್ಲಿ ಅವರು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೊರಟಾಗ ಬಂದು ಇಸಿದುಕೊಂಡು ಹೋದಳು. ಆಮೇಲೆ ಫೋನು ಬಂತು. ಸಗಣಿ ಉಂಡೆ ಅಜ್ಜಿಯೇ ಕಟ್ಟಿಕೊಟ್ಟರಂತೆ. ಮೊದಲ ಸಲ ಎಸೆದದ್ದು ಜಾರಿ ಅಂಗಳಕ್ಕೆ ಬಿತ್ತಂತೆ, ಎರಡನೆಯ ಸಲ ಹೆಂಚಿನ ಸಂದಿಯಲ್ಲಿ ಕೂತಿತಂತೆ.

"ಅಜ್ಜಿಗೂ ಹೇಳಿಕೊಟ್ಟೆ ಟೀಚರ್," ಎಂದಳು. "ರಾತ್ರಿ ಇಬ್ಬರೂ ಒಟ್ಟಿಗೆ ನಾಹೂರ್‌ವರೆಗೆ ಹೋಗ್ತೇವೆ."