ವೃತ್ತಿತೃಪ್ತಿ: ಸಂಬಳ ಮತ್ತು ಮನ್ನಣೆ



ಸರ್ಕಾರಿ ನೌಕರರು ಭದ್ರತೆಯಿರುವುದರಿಂದ ತೃಪ್ತರು, ಖಾಸಗಿ ನೌಕರರು ಅದಿಲ್ಲದ್ದರಿಂದ ಅತೃಪ್ತರು ಎಂಬುದು ಲೋಕರೂಢಿಯ ಮಾತು. ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಪರಿಸರದ ಸುಮಾರು 200 ಎಂಜಿನಿಯರರನ್ನೂ ಲೆಕ್ಕಿಗರನ್ನೂ ಸಂದರ್ಶಿಸಿ 1959ರಲ್ಲಿ ಪ್ರಕಟಿಸಿದ ಗ್ರಂಥ ಬೇರೊಂದು ವಿವರಣೆಯನ್ನು ನೀಡಿತು. ಸಂಬಳ, ಮೇಲ್ವಿಚಾರಣೆ, ಆಡಳಿತದ ನಿಯಮ, ಕೆಲಸದ ಪರಿಸರ ಇವು ಕೆಟ್ಟರೆ ಅತೃಪ್ತಿ ಹುಟ್ಟುತ್ತದೆ. ಸರಿಯಿದ್ದ ಮಾತ್ರಕ್ಕೆ ತೃಪ್ತಿ ಹುಟ್ಟದು. ಸಾಧನೆ, ಮನ್ನಣೆ, ಹೊಣೆಗಾರಿಕೆ, ಕೆಲಸದೊಳಗಿನ ಸ್ವಾರಸ್ಯ ಇವೇ ತೃಪ್ತಿಯ ಮೂಲ.

ಈ ಭೇದ ಶಾಲೆಗೂ ಅನ್ವಯಿಸುತ್ತದೆ. ಖಾಸಗಿ ಶಾಲೆಯ ಅಧ್ಯಾಪಕರ ಅಲ್ಪ ವೇತನ, ಅನಿಶ್ಚಿತ ನೇಮಕ ನಿಜವಾದ ಕುಂದುಗಳು; ಸೇವಾಭಾವದ ಹೆಸರಿನಲ್ಲಿ ಅವನ್ನು ಮುಚ್ಚಿಡಲಾಗದು. ಸರ್ಕಾರಿ ಶಾಲೆಯ ಅಧ್ಯಾಪಕರಿಗೆ ತಿಂಗಳ ಸಂಬಳ ತಪ್ಪದಿದ್ದರೂ, ಕಲಿಸಿದ್ದನ್ನು ಗುರುತಿಸುವವರಿಲ್ಲದಿದ್ದರೆ ಉತ್ಸಾಹ ಬತ್ತುತ್ತದೆ. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಇದಕ್ಕೆ ಇನ್ನೊಂದು ಕಾರಣವುಂಟು. ಕನ್ನಡವರಿಯದ ಅಧಿಕಾರಿಗಳು ಹಾಜರಿ ಪುಸ್ತಕವನ್ನು ತಪಾಸಣೆ ಮಾಡಬಲ್ಲರು. ಮಗು ಬರೆದ ಪ್ರಬಂಧವನ್ನು ಓದಲಾರರು.

ಆ ಮನ್ನಣೆಯನ್ನು ನೆರೆಶಾಲೆಯ ಸಹೋದ್ಯೋಗಿಗಳು ಕೊಡಬಲ್ಲರು. ಕಾಸರಗೋಡಾಗಲಿ, ಅಕ್ಕಲಕೋಟವಾಗಲಿ, ತಾಳವಾಡಿಯಾಗಲಿ, ತಿಂಗಳಿಗೊಮ್ಮೆಯಾದರೂ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕುಳಿತು ಪಾಠ ಕೇಳಿರಿ. ಮಕ್ಕಳ ಬರಹಗಳನ್ನು ಓದಿರಿ. ಯಾವ ಅಂಶ ಚೆನ್ನಾಗಿತ್ತೆಂಬುದನ್ನು ಸ್ಪಷ್ಟವಾಗಿ ತಿಳಿಸಿರಿ. ವೇತನದ ನ್ಯಾಯವನ್ನು ಸಂಘಟಿತರಾಗಿ ಕೇಳುವುದು ಎಷ್ಟು ಅಗತ್ಯವೋ, ಈ ಪರಸ್ಪರ ಮನ್ನಣೆಯೂ ಅಷ್ಟೇ ಅಗತ್ಯ. ಇದಕ್ಕೆ ಯಾವ ಸರ್ಕಾರಿ ಆದೇಶಕ್ಕೂ ಕಾಯಬೇಕಾಗಿಲ್ಲ.