ಕಾಲೇಜಿನ ಪುಟ ಯಾರ ಕೈಯಲ್ಲಿದೆ?

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾಲೇಜುಗಳು ಸಾಮಾಜಿಕ ಜಾಲತಾಣಗಳನ್ನು ಹೇಗೆ ನಿರ್ವಹಿಸಬೇಕು ಎಂಬ ಬಗ್ಗೆ ಮಾತನಾಡಲು ಸಂಘಟಕರು ಹೇಳಿದ್ದಾರೆ. ಫೇಸ್‌ಬುಕ್ ಪುಟಕ್ಕೆ ಲೈಕು ಹೆಚ್ಚಿಸುವುದು ಹೇಗೆ ಎಂದು ಹೇಳಿಕೊಡಲು ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದಕ್ಕೆ ನಾನು ಬೇಡ. ನಾನು ನಮ್ಮ ಊರಿನ ಮಳೆಯಿಂದ ಆರಂಭಿಸುತ್ತೇನೆ.

ಜುಲೈ ತಿಂಗಳು. ರಾತ್ರಿಯಿಡೀ ಮಳೆ ಸುರಿದಿದೆ. ಸೌಪರ್ಣಿಕಾ ತುಂಬಿ ನಾವುಂದದ ಕಡೆ ಗದ್ದೆಗಳಿಗೆ ನೀರು ನುಗ್ಗಿದೆ. ಬೆಳಿಗ್ಗೆ ಆರು ಗಂಟೆಗೆ ಮೊಬೈಲಿಗೆ ಒಂದು ಚಿತ್ರ ಬರುತ್ತದೆ: ಜಿಲ್ಲಾಧಿಕಾರಿಗಳ ಆದೇಶ, ಮುದ್ರೆ, ಸಹಿ, ಇಂದು ರಜೆ. ಶಿರೂರಿನ ಹುಡುಗ ಮತ್ತೆ ಹೊದ್ದು ಮಲಗುತ್ತಾನೆ. ಕಂಡ್ಲೂರಿನ ಹುಡುಗಿಗೆ ಅನುಮಾನ. ಗೆಳತಿಗೆ ಫೋನ್ ಮಾಡಿದರೆ ಅವಳಿಗೂ ಗೊತ್ತಿಲ್ಲ. ಆ ಚಿತ್ರ ಹೋದ ವರ್ಷದ್ದಾಗಿರಬಹುದು, ತಾರೀಕು ಮಾತ್ರ ತಿದ್ದಿದ್ದಿರಬಹುದು. ಆದೇಶ ನಿಜವೇ ಆಗಿದ್ದರೂ ಅದು ಬೈಂದೂರು ತಾಲೂಕಿಗೆ ಮಾತ್ರ ಇದ್ದು ಬ್ರಹ್ಮಾವರಕ್ಕೆ ಇಲ್ಲದಿರಬಹುದು. ಅಂಗನವಾಡಿಯಿಂದ ಪದವಿಪೂರ್ವ ಕಾಲೇಜಿನವರೆಗೆ ಮಾತ್ರ ರಜೆ ಎಂದಿದ್ದರೆ ಪದವಿ ಕಾಲೇಜಿನವರು ಹೋಗಲೇಬೇಕು. ಇಷ್ಟೆಲ್ಲವನ್ನೂ ಆ ಹೊತ್ತಿನಲ್ಲಿ ಯಾರು ಓದುತ್ತಾರೆ? 'ರಜೆ' ಎಂಬ ಎರಡಕ್ಷರ ಕಂಡರೆ ಸಾಕು.

ಈಗ ಯೋಚಿಸಿ. ಆ ಹುಡುಗಿಯ ಕಾಲೇಜಿಗೂ ಒಂದು ಪುಟ ಇದೆ. ಅದರಲ್ಲಿ ಕಳೆದ ವರ್ಷದ ವಾರ್ಷಿಕೋತ್ಸವದ ನಲವತ್ತು ಚಿತ್ರಗಳಿವೆ, ಪ್ರವೇಶಾತಿ ಆರಂಭವಾಗಿದೆ ಎಂಬ ಬಣ್ಣದ ಜಾಹೀರಾತು ಇದೆ. ಇವತ್ತು ಕಾಲೇಜು ಇದೆಯೋ ಇಲ್ಲವೋ ಎಂಬುದು ಮಾತ್ರ ಅಲ್ಲಿಲ್ಲ. ಬೆಳಿಗ್ಗೆ ಆರೂವರೆಯ ಒಳಗೆ ಒಂದೇ ಒಂದು ಸಾಲು, 'ಇಂದು ನಮ್ಮ ಪದವಿ ತರಗತಿಗಳಿಗೆ ರಜೆ ಇಲ್ಲ' ಎಂದು ಹಾಕಿದ್ದರೆ ನೂರಾರು ಮಕ್ಕಳು ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುತ್ತ ನೆನೆಯುವುದು, ಇಲ್ಲವೇ ಮನೆಯಲ್ಲಿ ಕುಳಿತು ಹಾಜರಿ ಕಳೆದುಕೊಳ್ಳುವುದು ತಪ್ಪುತ್ತಿತ್ತು. ಮಳೆಗಾಲದ ಇಂಥ ಹತ್ತು ಬೆಳಗುಗಳಲ್ಲಿ ಕಾಲೇಜಿನ ಪುಟ ಸರಿಯಾದ ಮಾತು ಹೇಳಿದರೆ ಹನ್ನೊಂದನೆಯ ದಿನ, ಇನ್ನೂ ದೊಡ್ಡ ವಿಷಯ ಬಂದಾಗ, ಜನ ಮೊದಲು ಅಲ್ಲಿಗೇ ಬಂದು ನೋಡುತ್ತಾರೆ. ವಿಶ್ವಾಸ ಎಂಬುದು ಹೀಗೆ ಸಣ್ಣ ಸಣ್ಣ ವಿಷಯಗಳಲ್ಲಿ ಕೂಡುವಂಥದ್ದು.

ಆ ದೊಡ್ಡ ದಿನ ಹೇಗಿರುತ್ತದೆ ಎಂದು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ವಿಷಯ 2022ರ ಫೆಬ್ರವರಿ ಮೊದಲ ವಾರದಲ್ಲಿ ಕುಂದಾಪುರಕ್ಕೆ ಬಂತು. ಫೆಬ್ರವರಿ 3ರಂದು ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನ ಗೇಟು ಮುಚ್ಚುವ ದೃಶ್ಯವನ್ನು ದೇಶವೆಲ್ಲ ನೋಡಿತು, ವಿದೇಶದವರೂ ನೋಡಿದರು. ಆ ವಿವಾದದ ಸರಿ ತಪ್ಪುಗಳಿಗೆ ನಾನು ಇಲ್ಲಿ ಹೋಗುವುದಿಲ್ಲ. ಹೈಕೋರ್ಟು 2022ರ ಮಾರ್ಚ್ 15ರಂದು ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟಿನಲ್ಲಿ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದ್ದರಿಂದ ವಿಷಯ ದೊಡ್ಡ ಪೀಠಕ್ಕೆ ಹೋಗಬೇಕೆಂದಾಯಿತು. ನನ್ನ ಇಂದಿನ ವಿಷಯಕ್ಕೆ ಬೇಕಾದದ್ದು ಬೇರೆ. ಆ ದೃಶ್ಯದಲ್ಲಿದ್ದದ್ದು ಪಿಯು ಮಕ್ಕಳು, ಎಂದರೆ ಹದಿನಾರು ಹದಿನೇಳರ ವಯಸ್ಸು. ಅವರ ಮುಖ ಯಾರದೋ ಮೊಬೈಲಿನಿಂದ ಹೊರಟು ಕೋಟಿಗಟ್ಟಲೆ ಜನರ ಕೈ ಸೇರಿತು. ಮುಂದಿನ ವಾರ ಉಡುಪಿಯ ವಿದ್ಯಾರ್ಥಿನಿಯರ ವಿಳಾಸ, ಫೋನ್ ನಂಬರು ಮುಂತಾದ ಖಾಸಗಿ ವಿವರಗಳು ವಾಟ್ಸ್ಆ್ಯಪಿನಲ್ಲಿ ಹರಿದಾಡುತ್ತಿವೆ ಎಂದು ಪಾಲಕರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ದೂರು ಕೊಡಬೇಕಾಯಿತು. ನೀವು ಆ ವಿವಾದದಲ್ಲಿ ಯಾವ ಅಭಿಪ್ರಾಯದವರೇ ಆಗಿರಿ, ಒಂದು ಹೆಣ್ಣು ಮಗುವಿನ ಮನೆಯ ವಿಳಾಸ ಅಪರಿಚಿತರ ಗುಂಪುಗಳಲ್ಲಿ ತಿರುಗುವುದನ್ನು ಸರಿ ಎನ್ನಲಾರಿರಿ.

ಇಂಥ ದೃಶ್ಯಕ್ಕೆ ಆಯುಷ್ಯವೂ ಹೆಚ್ಚು. 2024ರ ಸೆಪ್ಟೆಂಬರಿನಲ್ಲಿ ಅದೇ ಪ್ರಾಂಶುಪಾಲರಿಗೆ ರಾಜ್ಯ ಪ್ರಶಸ್ತಿ ಘೋಷಣೆಯಾದಾಗ ಎರಡೂವರೆ ವರ್ಷದ ಹಿಂದಿನ ಆ ಗೇಟಿನ ಚಿತ್ರ ಮತ್ತೆ ಎದ್ದು ಬಂತು. ಆಕ್ಷೇಪಗಳ ನಂತರ ಸರಕಾರ ಪ್ರಶಸ್ತಿಯನ್ನು ತಡೆಹಿಡಿಯಿತು. ಅದರ ನ್ಯಾಯಾನ್ಯಾಯ ಏನೇ ಇರಲಿ, ಒಂದು ಬೆಳಗಿನ ಕೆಲವು ನಿಮಿಷಗಳು ಮಕ್ಕಳನ್ನೂ ಬಿಡುವುದಿಲ್ಲ, ಮೇಷ್ಟ್ರನ್ನೂ ಬಿಡುವುದಿಲ್ಲ ಎಂಬುದಂತೂ ಖಂಡಿತ.

ಇನ್ನೊಂದು ಉದಾಹರಣೆ 2023ರ ಜುಲೈ ತಿಂಗಳದ್ದು. ಉಡುಪಿಯ ಒಂದು ಖಾಸಗಿ ಅರೆವೈದ್ಯಕೀಯ ಕಾಲೇಜಿನ ಶೌಚಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳ ವಿಡಿಯೊ ತೆಗೆದರೆಂಬ ಪ್ರಕರಣ. ಕಾಲೇಜು ಮೂವರು ವಿದ್ಯಾರ್ಥಿನಿಯರನ್ನು ಅಮಾನತು ಮಾಡಿತ್ತು. ಆದರೆ ಆಡಳಿತದವರು ಪತ್ರಕರ್ತರ ಮುಂದೆ ಬಂದು ವಿವರ ಹೇಳುವ ಹೊತ್ತಿಗೆ ಗುಪ್ತ ಕ್ಯಾಮೆರಾ, ನೂರಾರು ವಿಡಿಯೊ ಎಂದು ದೇಶದ ತುಂಬ ಕತೆ ಹಬ್ಬಿಯಾಗಿತ್ತು. ಸಂಬಂಧವೇ ಇಲ್ಲದ ವಿಡಿಯೊವನ್ನು ಉಡುಪಿಯದೆಂದು ಹಂಚಿದ್ದಕ್ಕೂ ಪೊಲೀಸರು ಪ್ರಕರಣ ದಾಖಲಿಸಬೇಕಾಯಿತು. ರಾಷ್ಟ್ರೀಯ ಮಹಿಳಾ ಆಯೋಗದ ಸದಸ್ಯೆ ಖುಷ್ಬೂ ಸುಂದರ್ ಉಡುಪಿಗೆ ಬಂದು, ಗುಪ್ತ ಕ್ಯಾಮೆರಾ ಇಟ್ಟಿದ್ದಕ್ಕೆ ಪುರಾವೆ ಸಿಕ್ಕಿಲ್ಲ, ಇದಕ್ಕೆ ಕೋಮು ಬಣ್ಣ ಹಚ್ಚಬೇಡಿ ಎಂದು ಹೇಳಿದರು. ಅಷ್ಟು ದೂರದಿಂದ ಬಂದವರು ಹೇಳಬೇಕಾದ ಮಾತೇ ಇದು? ತನಿಖೆಗೆ ಅಡ್ಡಿಯಾಗದಂತೆ, ಯಾರ ಹೆಸರೂ ಹೇಳದೆ, 'ದೂರು ಬಂದಿದೆ, ಈ ದಿನ ಈ ಕ್ರಮ ಕೈಗೊಂಡಿದ್ದೇವೆ, ಪೊಲೀಸರಿಗೆ ತಿಳಿಸಿದ್ದೇವೆ' ಎಂದು ಮೂರು ಸಾಲು ಬರೆಯುವುದು ಯಾವ ಕಾಲೇಜಿಗಾದರೂ ಸಾಧ್ಯ. ಕಾಲೇಜು ಮೌನವಾಗಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಬೇರೆಯವರು ಬಂದು ಕುಳಿತುಬಿಡುತ್ತಾರೆ.

ಹಾಗಾದರೆ ಈ ಕೆಲಸ ಯಾರದ್ದು? 2019ರ ಜುಲೈಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ (ಈಗ ಶಿಕ್ಷಣ ಸಚಿವಾಲಯ) ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒಂದು ಪತ್ರ ಕಳುಹಿಸಿತ್ತು. ಪ್ರತಿ ಸಂಸ್ಥೆಯೂ ಒಬ್ಬ 'ಸೋಷಿಯಲ್ ಮೀಡಿಯಾ ಚಾಂಪಿಯನ್' ಅನ್ನು ನೇಮಿಸಬೇಕು, ಫೇಸ್‌ಬುಕ್, ಟ್ವಿಟರ್, ಇನ್‌ಸ್ಟಾಗ್ರಾಂ ಖಾತೆ ತೆರೆಯಬೇಕು, ವಾರಕ್ಕೆ ಒಂದಾದರೂ ಒಳ್ಳೆಯ ಸುದ್ದಿ ಹಾಕಬೇಕು, ವಿದ್ಯಾರ್ಥಿಗಳ ಖಾತೆಗಳನ್ನೂ ಸಂಸ್ಥೆಯ ಮತ್ತು ಸಚಿವಾಲಯದ ಖಾತೆಗೆ ಜೋಡಿಸಬೇಕು ಎಂದು. ವಿದ್ಯಾರ್ಥಿಗಳ ಮೇಲೆ ಕಣ್ಣಿಡುವ ಉಪಾಯ ಇದು ಎಂಬ ಟೀಕೆ ಬಂದಾಗ ಅದು ಕಡ್ಡಾಯವಲ್ಲ ಎಂದು ಸಚಿವಾಲಯ ಸ್ಪಷ್ಟಪಡಿಸಿತು. ಒಬ್ಬರಿಗೆ ಜವಾಬ್ದಾರಿ ವಹಿಸಿಕೊಡುವ ಮಾತನ್ನು ನಾನು ಒಪ್ಪುತ್ತೇನೆ. ವಿದ್ಯಾರ್ಥಿಗಳ ಸ್ವಂತ ಖಾತೆ ಮಾತ್ರ ಅವರ ಸ್ವಂತದ್ದೇ ಆಗಿರಲಿ. ವಾರಕ್ಕೊಂದು ಒಳ್ಳೆಯ ಸುದ್ದಿ ಎಂಬುದು ಪ್ರಚಾರದ ಲೆಕ್ಕ. ಕೆಟ್ಟ ದಿನ ಏನು ಹೇಳಬೇಕು ಎಂಬ ಲೆಕ್ಕ ಅದರಲ್ಲಿಲ್ಲ.

ನಮ್ಮಲ್ಲಿ ವಾಸ್ತವವಾಗಿ ಏನಾಗುತ್ತದೆ? ಕಂಪ್ಯೂಟರ್ ಗೊತ್ತಿರುವ ಒಬ್ಬ ಚುರುಕು ಹುಡುಗನಿಗೆ 'ನೀನೇ ಒಂದು ಪುಟ ಮಾಡು' ಎನ್ನುತ್ತಾರೆ. ಅವನು ತನ್ನದೇ ಇಮೇಲು, ತನ್ನದೇ ಮೊಬೈಲ್ ನಂಬರಿನಿಂದ ತೆರೆಯುತ್ತಾನೆ. ಮೂರು ವರ್ಷ ಕಳೆದು ಅವನು ಬೆಂಗಳೂರಿಗೋ ದಮಾಮಿಗೋ ಹೋಗುತ್ತಾನೆ, ಹಳೆಯ ಸಿಮ್ ಬಂದಾಗುತ್ತದೆ, ಒಟಿಪಿ ಯಾರಿಗೂ ಬರುವುದಿಲ್ಲ. ಕಾಲೇಜಿನ ಹೆಸರು, ಲಾಂಛನ ಇರುವ ಪುಟ ಅಲ್ಲೇ ಇದೆ, ಒಡೆಯರಿಲ್ಲ. ನನಗೆ ಗೊತ್ತಿರುವ ಒಂದು ಸಂಸ್ಥೆಯಲ್ಲಿ (ಹೆಸರು ಬೇಡ) ಇದೇ ಆಯಿತು; ಕೊನೆಗೆ ಹೊಸ ಪುಟ ತೆರೆದರು, ಈಗ ಎರಡು ಪುಟಗಳಿವೆ, ಹುಡುಕಿದವರಿಗೆ ಮೊದಲು ಸಿಗುವುದು ಹಳೆಯದೇ! ಕಾಲೇಜಿನ ಬೀರುವಿನ ಬೀಗದ ಕೈ ವಿದ್ಯಾರ್ಥಿಯ ಜೇಬಿನಲ್ಲಿ ಇರುವುದಿಲ್ಲವಷ್ಟೆ. ಇದೂ ಹಾಗೆಯೇ. ಖಾತೆ ಕಾಲೇಜಿನ ಇಮೇಲಿನಲ್ಲಿ, ಕಚೇರಿಯ ನಂಬರಿನಲ್ಲಿ ಇರಬೇಕು. ಕನಿಷ್ಠ ಇಬ್ಬರು ಉಪನ್ಯಾಸಕರಿಗೆ ಅಧಿಕಾರ ಇರಬೇಕು. ಒಬ್ಬರು ವರ್ಗವಾಗಿ ಹೋಗುವಾಗ ಚಾರ್ಜು ಕೊಡುವ ಪಟ್ಟಿಯಲ್ಲಿ ಇದೂ ಸೇರಬೇಕು. ವಿದ್ಯಾರ್ಥಿಗಳು ಚಿತ್ರ ತೆಗೆಯಲಿ, ಬರೆಯಲಿ, ಕಲಿಯಲಿ, ಅದು ಅವರಿಗೆ ಮುಂದೆ ಉದ್ಯೋಗಕ್ಕೂ ಆದೀತು. ಪ್ರಕಟಿಸುವ ಗುಂಡಿ ಒತ್ತುವವರು ಮಾತ್ರ ಉತ್ತರ ಕೊಡಬೇಕಾದವರೇ ಆಗಿರಲಿ.

ಈಗ ಚಿತ್ರಗಳ ವಿಷಯ, ಇದು ಸ್ವಲ್ಪ ಸೂಕ್ಷ್ಮ. ಫಲಿತಾಂಶ ಬಂದ ದಿನ ಎಲ್ಲ ಕಾಲೇಜುಗಳೂ ಹೆಚ್ಚು ಅಂಕ ಗಳಿಸಿದವರ ಭಾವಚಿತ್ರ ಹಾಕುತ್ತವೆ. ಕೆಲವರು ಅಂಕಪಟ್ಟಿಯನ್ನೇ ಹಾಕುತ್ತಾರೆ, ಅದರಲ್ಲಿ ನೋಂದಣಿ ಸಂಖ್ಯೆ, ತಂದೆ ತಾಯಿಯ ಹೆಸರು ಎಲ್ಲ ಇರುತ್ತದೆ. ಇದು ಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಮಕ್ಕಳು, ಅವರ ವಿವರ ಬಳಸಲು ಪಾಲಕರ ಒಪ್ಪಿಗೆ ಬೇಕೆಂಬುದು ಅದರ ತತ್ವ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಹಂತ ಹಂತವಾಗಿ ಜಾರಿಗೆ ಬರುವಂಥವು. ನಮ್ಮ ಪಿಯು ಕಾಲೇಜುಗಳು ಈಗಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಆದರೆ ಇದರ ಇನ್ನೊಂದು ಮಗ್ಗುಲೂ ಇದೆ, ಹಿರಿಯರು ದಯವಿಟ್ಟು ಬೇಸರಿಸಬಾರದು. 'ನಮ್ಮ ಮಗಳ ಫೋಟೊ ಬೇಡ' ಎಂದು ಮನೆಯವರು ಹೇಳುತ್ತಾರೆಂದು ಭಾವಿಸಿ ಕಾಲೇಜಿನವರು ಕೇಳದೆಯೇ ನಮ್ಮ ಹೆಣ್ಣು ಮಕ್ಕಳನ್ನು ಬಿಟ್ಟುಬಿಡುವುದುಂಟು. ಹಗಲು ರಾತ್ರಿ ಓದಿ ತರಗತಿಗೆ ಮೊದಲು ಬಂದವಳ ಹೆಸರೂ ಇಲ್ಲ, ಮೂರನೆಯವನಾಗಿ ಬಂದ ಹುಡುಗನ ಚಿತ್ರ ದೊಡ್ಡದಾಗಿ ಇದೆ. ಹತ್ತು ವರ್ಷದ ಬಳಿಕ ಆ ಪುಟ ನೋಡಿದವರು ಆ ಕಾಲೇಜಿನಲ್ಲಿ ನಮ್ಮ ಹುಡುಗಿಯರು ಓದಲೇ ಇಲ್ಲ ಎಂದುಕೊಂಡಾರು. ಅವಳನ್ನೇ ಕೇಳಿ, ಮನೆಯವರನ್ನೂ ಕೇಳಿ. ಫೋಟೊ ಬೇಡವೆಂದರೆ ಹೆಸರು ಮತ್ತು ಅಂಕ ಹಾಕಿ. ಪ್ರವೇಶಾತಿಯ ಅರ್ಜಿಯ ಜೊತೆಗೇ ಇದಕ್ಕೊಂದು ಒಪ್ಪಿಗೆ ಪತ್ರ ಇಟ್ಟರೆ ಆಯಿತು: ಫೋಟೊ ಹಾಕಬಹುದೇ, ಹೆಸರು ಮಾತ್ರವೇ, ಎರಡೂ ಬೇಡವೇ. ಒಮ್ಮೆ ಒಪ್ಪಿದವರು ನಂತರ ಬೇಡವೆಂದರೆ ತೆಗೆದುಹಾಕಬೇಕು, ಕಾರಣ ಕೇಳಬಾರದು.

ಪುಟದಲ್ಲಿ ಮುಖ್ಯವಾಗಿ ಏನಿರಬೇಕು ಎಂದು ಕೇಳಿದರೆ ನಾನು ಮೊದಲು ಹೇಳುವುದು ವಿದ್ಯಾರ್ಥಿವೇತನದ ಕೊನೆಯ ದಿನಾಂಕಗಳು. ನಮ್ಮ ಮನೆಗಳಿಗೆ ಬರುವ ಫಾರ್ವರ್ಡುಗಳಲ್ಲಿ ಹೆಚ್ಚಿನವು ಇದರದ್ದೇ. ಕೇಂದ್ರ ಸರಕಾರವು ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು 2022-23ರಿಂದ ನಿಲ್ಲಿಸಿತು. ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ಕೂಡ 2022ರಲ್ಲಿ ನಿಂತಿತು. ನಿಂತುಹೋದ ಯೋಜನೆಯ ಹೆಸರಿನಲ್ಲಿ ಯಾರೋ ಒಂದು ಲಿಂಕ್ ಕಳುಹಿಸುತ್ತಾರೆ, ತಾಯಿ ಆಧಾರ್ ನಂಬರು, ಬ್ಯಾಂಕ್ ಖಾತೆ ಎಲ್ಲ ತುಂಬಿಸುತ್ತಾಳೆ. ತಂದೆ ಗಲ್ಫಿನಲ್ಲಿ, ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಯಾವುದು, ಕೇಂದ್ರದ್ದು ಯಾವುದು, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲಕ್ಕೆ ಎಲ್ಲಿ ಅರ್ಜಿ ಹಾಕಬೇಕು ಎಂಬುದನ್ನು ಕಾಲೇಜೇ ತನ್ನ ಪುಟದಲ್ಲಿ ಹೇಳಿದರೆ ಅವಳಿಗೆ ಹೋಲಿಸಿ ನೋಡಲು ಒಂದು ಆಧಾರ ಸಿಗುತ್ತದೆ. ಹಣ ಹೋಗಿಯೇಬಿಟ್ಟರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು ಎಂಬುದೂ ಆ ಪುಟದಲ್ಲಿ ಸದಾ ಕಾಣುವಂತಿರಲಿ.

ಕಾಲೇಜಿನ ಹೆಸರಿಟ್ಟುಕೊಂಡು ಇನ್‌ಸ್ಟಾಗ್ರಾಂನಲ್ಲಿ ನಡೆಯುವ ಅನಾಮಧೇಯ 'ಕನ್ಫೆಶನ್' ಪುಟಗಳ ಬಗ್ಗೆ ಹುಡುಗರು ನಗುತ್ತಿರುವುದು ನನಗೆ ಇಲ್ಲಿಂದ ಕಾಣುತ್ತಿದೆ. ಯಾರು ನಡೆಸುತ್ತಾರೆಂದು ನಿಮಗೆ ಗೊತ್ತು, ನಾನು ಕೇಳುವುದಿಲ್ಲ. ಅದರಲ್ಲಿ ಒಬ್ಬಳ ಹೆಸರು ಬಂದ ದಿನ ಅವಳು ತರಗತಿಗೆ ಬಂದಳೇ, ಮರುವಾರ ಬಂದಳೇ ಎಂದು ನೀವೇ ನೆನಪು ಮಾಡಿಕೊಳ್ಳಿ. ಅಂಥದ್ದು ಕಂಡರೆ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಬೇಡಿ. ನಂಬಿಕೆಯ ಒಬ್ಬ ಉಪನ್ಯಾಸಕರಿಗೆ ಅಥವಾ ಉಪನ್ಯಾಸಕಿಗೆ ಮಾತ್ರ ತೋರಿಸಿ, ಆ ಪುಟದ ಮೇಲೆ ವರದಿ ಮಾಡಿ.

ಕೊನೆಯದಾಗಿ ಸಂಘದ ಮುಂದೆ ಒಂದು ಬೇಡಿಕೆ. ನಾನು ಹೇಳಿದ ಒಪ್ಪಿಗೆ ಪತ್ರದ ಒಂದು ಮಾದರಿಯನ್ನು ಕನ್ನಡದಲ್ಲಿ ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ, ಒಂದೇ ಪುಟ. ಮೂರು ತಾಲೂಕುಗಳ ಕಾಲೇಜುಗಳಿಗೆ, ಆಡಳಿತ ಯಾರದೇ ಇರಲಿ, ಸಂಘದ ಸದಸ್ಯರು ಪಾಲಕರ ನೆಲೆಯಲ್ಲಿ ಹೋಗಿ ಅದನ್ನು ಕೊಡಬಹುದು. ಹೋದಾಗ ಪ್ರಾಂಶುಪಾಲರನ್ನು ಇನ್ನೊಂದು ಮಾತೂ ಕೇಳಿ: ನಾಳೆ ಬೆಳಿಗ್ಗೆ ಜೋರು ಮಳೆ ಬಂದರೆ ನಿಮ್ಮ ಪುಟದಲ್ಲಿ ರಜೆಯ ವಿಷಯ ಬರೆಯುವವರು ಯಾರು, ಪಾಸ್‌ವರ್ಡ್ ಅವರ ಬಳಿ ಇದೆಯೇ? ಜೂನ್ ಒಂದರ ಒಳಗೆ ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಉಳಿದದ್ದಕ್ಕೆ ಮುಂದಿನ ವರ್ಷ ಸೇರೋಣ.