ಬಿಚ್ಚಬೇಕಾದ ಹೊಲಿಗೆ, ಬಿಡಬೇಕಾದ ಹೊಲಿಗೆ

(ಕೊಲ್ಲೂರು ಭಾಗದ ಮಸೀದಿಯೊಂದರಲ್ಲಿ ಜುಮಾ ದಿನ ನೀಡಿದ ಪ್ರವಚನದ ಸಾರಾಂಶ)

ಸರ್ವ ಸ್ತುತಿಯೂ ಅಲ್ಲಾಹನಿಗೆ. ಅವನ ಕರುಣೆ ಮತ್ತು ಶಾಂತಿ ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೂ ಇರಲಿ.

ಪ್ರೀತಿಯ ಸಹೋದರರೇ,

ಇಂದು ಕೌದಿಯ ಬಗ್ಗೆ ಮಾತನಾಡುತ್ತೇನೆ. ಜುಮಾದ ದಿನ ಹಳೆ ಸೀರೆಯ ಕೌದಿಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಒಂದು ಮನೆಯಿಂದ ಬಂದ ಪ್ರಶ್ನೆ ಇದಕ್ಕೆ ಕಾರಣ. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ ನಿಮ್ಮ ಮುಂದಿಡುತ್ತಿದ್ದೇನೆ.

“ಅತ್ತೆಯವರ ಕಣ್ಣಿಗೆ ಪೊರೆ ಬಂದಿದೆ. ಹುಟ್ಟಲಿರುವ ಮೊಮ್ಮಗುವಿಗೆಂದು ಮೂರು ತಿಂಗಳು ಕೂತು ಕೌದಿ ಹೊಲಿದಿದ್ದಾರೆ. ಕೊನೆಯ ಕೆಲವು ಸಾಲುಗಳು ಓರೆಯಾಗಿವೆ. ಒಂದು ತುಂಡಿನ ಅಂಚು ಎದ್ದಿದೆ. ಮಾಡುವ ಕೆಲಸವನ್ನು ಚೆನ್ನಾಗಿ ಮಾಡಬೇಕೆಂದು ದೀನ್ ಹೇಳುತ್ತದಲ್ಲ? ಅವರಿಗೆ ಗೊತ್ತಾಗದಂತೆ ಬಿಚ್ಚಿ, ಮಿಷಿನ್‌ನಲ್ಲಿ ಹೊಲಿದಿಟ್ಟರೆ ತಪ್ಪಾಗುತ್ತದೆಯೇ?”

ಆ ಸಹೋದರಿ ದೀನಿನ ಮಾತು ಹಿಡಿದೇ ಕೇಳಿದ್ದಾರೆ. ಯಾರಾದರೂ ಒಂದು ಕೆಲಸ ಮಾಡಿದರೆ ಅದನ್ನು ಅಚ್ಚುಕಟ್ಟಾಗಿ ಮಾಡುವುದು ಅಲ್ಲಾಹನಿಗೆ ಇಷ್ಟ ಎಂಬ ಅರ್ಥದ ಹದೀಸನ್ನು ಇಮಾಮ್ ಬೈಹಕಿ(ರ) ವರದಿ ಮಾಡಿದ್ದಾರೆ. ಇದನ್ನೇ ಇತ್ಕಾನ್ ಎನ್ನುತ್ತೇವೆ. ಆದರೆ ಇತ್ಕಾನ್ ಎಂದರೆ ಕಂಡ ಓರೆಯನ್ನೆಲ್ಲ ಬಿಚ್ಚಿ ಮತ್ತೆ ಮಾಡುವುದೇ? ಇದಕ್ಕೆ ಉತ್ತರ ನಾವು ದಿನಕ್ಕೆ ಐದು ಸಲ ಮಾಡುವ ನಮಾಝ್‌ನಲ್ಲೇ ಇದೆ.

ನಮಾಝ್‌ನಲ್ಲಿ ತಪ್ಪಾದರೆ ಏನು ಮಾಡುತ್ತೇವೆ? ಒಂದು ರುಕೂ ಅಥವಾ ಸುಜೂದ್ ಬಿಟ್ಟುಹೋದರೆ ಅದನ್ನು ಮಾಡಲೇಬೇಕು. ಅದಿಲ್ಲದೆ ನಮಾಝ್ ಇಲ್ಲ. ನಡುವಿನ ಅತ್ತಹಿಯ್ಯಾತ್ ಮರೆತು ಎದ್ದು ನಿಂತರೆ ನಮಾಝ್ ಮುರಿಯುವುದಿಲ್ಲ. ಕೊನೆಯಲ್ಲಿ ಮರೆವಿನ ಎರಡು ಸುಜೂದ್ ಮಾಡುತ್ತೇವೆ. ರುಕೂವಿನ ತಸ್ಬೀಹ್ ಮೂರರ ಬದಲು ಎರಡೇ ಆಯಿತೆಂದು ನೆನಪಾದರೆ ಏನೂ ಮಾಡಬೇಕಿಲ್ಲ, ಮುಂದೆ ಸಾಗುತ್ತೇವೆ. ಸ್ವತಃ ಪ್ರವಾದಿ(ಸ) ಒಮ್ಮೆ ನಾಲ್ಕು ರಕಅತ್‌ನ ನಮಾಝ್‌ನಲ್ಲಿ ಎರಡಕ್ಕೇ ಸಲಾಮ್ ಹೇಳಿದ್ದರು. ಸಂಗಾತಿಯೊಬ್ಬರು ನೆನಪಿಸಿದಾಗ ಉಳಿದ ಎರಡನ್ನು ಪೂರೈಸಿ ಸುಜೂದ್ ಮಾಡಿದರು. ಆಗಿದ್ದ ಎರಡು ರಕಅತ್‌ಗಳನ್ನು ರದ್ದು ಮಾಡಿ ಮೊದಲಿನಿಂದ ಆರಂಭಿಸಲಿಲ್ಲ.

ಆರಾಧನೆಗಳಲ್ಲೇ ಶ್ರೇಷ್ಠವಾದ ನಮಾಝ್‌ನಲ್ಲಿ ಅಲ್ಲಾಹನು ತಪ್ಪುಗಳಿಗೆ ಮೂರು ದರ್ಜೆ ಇಟ್ಟಿದ್ದಾನೆ. ಮಾಡಲೇಬೇಕಾದದ್ದು, ಸಣ್ಣ ಪರಿಹಾರ ಸಾಕಾದದ್ದು, ಬಿಟ್ಟುಬಿಡಬೇಕಾದದ್ದು. ಹಾಗಿರುವಾಗ ಕೌದಿಯ ವಿಷಯದಲ್ಲಿ ನಾವು ಅದಕ್ಕಿಂತ ಬಿಗಿಯಾಗಬೇಕೇ?

ಕೌದಿ ಹೊಲಿಯುವವರಿಗೂ ಈ ದರ್ಜೆ ಗೊತ್ತು. ನಮ್ಮ ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆ ಸಿದ್ದಿ ಜನರಿದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಅವರಲ್ಲಿ ಮುಸ್ಲಿಮರೂ ಕ್ರೈಸ್ತರೂ ಹಿಂದೂಗಳೂ ಇದ್ದಾರೆ. ಆ ಹೆಣ್ಣುಮಕ್ಕಳ ಕೌದಿಗೆ ಕವಂದಿ ಎಂಬ ಹೆಸರೂ ಉಂಟು. ಅಂಚಿನಿಂದ ಹೊಲಿಗೆ ಆರಂಭಿಸಿ, ಹಳೆ ಬಟ್ಟೆಯ ತುಂಡುಗಳನ್ನು ಇಡುತ್ತಾ, ಸುತ್ತು ಹಾಕುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಸಾಲುಗಳು ಸ್ಕೇಲ್ ಇಟ್ಟಂತೆ ನೇರ ಇರುವುದಿಲ್ಲ, ತುಂಡುಗಳು ಒಂದೇ ಅಳತೆಯವಲ್ಲ. ಅದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ಆದರೆ ನಾಲ್ಕು ಮೂಲೆಗಳಲ್ಲಿ ಬಟ್ಟೆ ಮಡಚಿ ಇಡುವ ‘ಫೂಲ’ ಇಲ್ಲದಿದ್ದರೆ ಕೌದಿ ಪೂರ್ತಿಯಾಗಲಿಲ್ಲ ಎನ್ನುತ್ತಾರೆ. ಯಾವುದು ಇರಲೇಬೇಕು, ಯಾವುದು ಕೈಯ ಸಹಜ ನಡೆ ಎಂಬುದು ಅವರಿಗೆ ಸ್ಪಷ್ಟವಾಗಿದೆ.

ಈಗ ಆ ಸಹೋದರಿಯ ಕೌದಿಗೆ ಬರೋಣ.

ಎದ್ದಿರುವ ಅಂಚು ಮೊದಲ ದರ್ಜೆಯದು. ಸಡಿಲವಾದ ನೂಲು ಎಳೆಗೂಸಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲಬಹುದು, ಬೆರಳಿಗೇ ಅಪಾಯ. ಅದನ್ನು ಇಂದೇ ಹೊಲಿಯಿರಿ, ನೇತಾಡುವ ನೂಲು ಕತ್ತರಿಸಿ. ತುಂಡೊಂದು ಸವೆದು ತೆಳುವಾಗಿದ್ದರೆ ಅದು ಎರಡನೆಯದು. ಮೇಲೊಂದು ತೇಪೆ ಸಾಕು. ಓರೆ ಸಾಲು ಮೂರನೆಯದು. ಅದು ಬಟ್ಟೆಯನ್ನು ಹಿಡಿದಿದೆ, ಮಗುವನ್ನು ಬೆಚ್ಚಗಿಡುತ್ತದೆ. ಬಿಚ್ಚಹೊರಟರೆ ಹಳೆ ಸೀರೆಯ ಸವೆದ ಬಟ್ಟೆ ಸೂಜಿ ತೂತಿನಲ್ಲೇ ಹರಿಯಬಹುದು. ಸರಿಪಡಿಸಲು ಹೋಗಿ ಕೆಡಿಸುವುದು ಇತ್ಕಾನ್ ಅಲ್ಲ.

ಸೂರಃ ಅನ್ನಹ್ಲ್‌ನ 92ನೇ ವಚನದಲ್ಲಿ, ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಚೂರು ಮಾಡಿದ ಹೆಂಗಸಿನಂತೆ ಆಗಬೇಡಿ ಎಂಬ ಎಚ್ಚರಿಕೆ ಇದೆ. ಅಲ್ಲಿಯ ವಿಷಯ ಆಣೆ-ಕರಾರು ಮುರಿಯುವುದು. ಆದರೂ ಅಲ್ಲಾಹನು ಕೊಟ್ಟ ಹೋಲಿಕೆ ಗಮನಿಸಿ. ಕೈಯಾರೆ ಮಾಡಿದ ದುಡಿಮೆಯನ್ನು ವ್ಯರ್ಥವಾಗಿ ಬಿಚ್ಚಿಹಾಕುವುದು ಎಂಥ ನಷ್ಟ ಎಂಬುದು ಎಲ್ಲರಿಗೂ ತಿಳಿಯುವಂಥದ್ದು. ಇಲ್ಲಿ ಬಿಚ್ಚಲು ಹೊರಟಿರುವುದು ನಮ್ಮ ದುಡಿಮೆಯನ್ನೂ ಅಲ್ಲ, ಮಂಜಾದ ಕಣ್ಣಿನಲ್ಲಿ ನೂಲು ಪೋಣಿಸಿದ ಹಿರಿಯರೊಬ್ಬರ ದುಡಿಮೆಯನ್ನು.

“ಗೊತ್ತಾಗದಂತೆ” ಎಂಬ ಮಾತೇ ನನಗೆ ಹೆಚ್ಚು ಭಾರವಾಗಿ ಕೇಳಿಸಿತು. ಹೊಲಿದ ಕೈಗೆ ತನ್ನ ಸಾಲು ಗೊತ್ತಿರುತ್ತದೆ. ಕಣ್ಣು ಕಾಣದಿದ್ದರೂ ಬೆರಳು ಸವರಿದರೆ ತಿಳಿದುಬಿಡುತ್ತದೆ. ಅಂದು ಆ ತಾಯಿಗೆ ಆಗುವ ನೋವಿಗೆ ಯಾವ ಮಿಷಿನ್ ಹೊಲಿಗೆ ಹಾಕೀತು? ಪ್ರವಾದಿ(ಸ) ಆಹಾರದಲ್ಲಿ ಎಂದೂ ಕೊರತೆ ಹುಡುಕಿದವರಲ್ಲ. ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು. ಪ್ರೀತಿಯಿಂದ ಕೊಟ್ಟ ಹೊದಿಕೆಗೂ ಅದೇ ಶಿಷ್ಟಾಚಾರ ಸಲ್ಲುತ್ತದೆ. ಅಂಚು ಹೊಲಿಯುವಾಗಲೂ ಕದ್ದು ಹೊಲಿಯಬೇಡಿ. “ಅಮ್ಮಾ, ಇಲ್ಲಿ ಸ್ವಲ್ಪ ಎದ್ದಿದೆ, ನೀವು ಹಿಡಿದುಕೊಳ್ಳಿ, ನಾನು ಹೊಲಿಯುತ್ತೇನೆ” ಎನ್ನಿ.

ಆದರೆ ಮಾರಾಟದ ವಿಷಯ ಬೇರೆ. ಮನೆಯಲ್ಲೇ ಹೊಲಿದು ಮಾರುವ ಸಹೋದರಿಯರು, ಅವರ ಮಾಲು ಸಾಗಿಸುವ ಗಂಡಸರು ಇದನ್ನು ಗಮನವಿಟ್ಟು ಕೇಳಿ. ಪ್ರವಾದಿ(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿತು. ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿದರು, ಮೋಸಗಾರನು ತಮ್ಮವನಲ್ಲ ಎಂದು ಎಚ್ಚರಿಸಿದರು. ಇಂದು ಆ ರಾಶಿಯ ಜಾಗದಲ್ಲಿ ವಾಟ್ಸಾಪ್ ಫೋಟೋ ಇದೆ. ಚೆಂದದ ಮೂಲೆಯ ಫೋಟೋ ಕಳಿಸಿ, ಹರಿದ ಜಾಗವನ್ನು ಒಳಮಡಿಕೆಯಲ್ಲಿ ಇಟ್ಟರೆ ಅದೂ ಒದ್ದೆ ಧಾನ್ಯವೇ.

ಕೂಫಾದಲ್ಲಿ ಬಟ್ಟೆ ವ್ಯಾಪಾರ ನಡೆಸುತ್ತಿದ್ದ ಇಮಾಮ್ ಅಬೂಹನೀಫಾ(ರ)ರ ಬಗ್ಗೆ ಒಂದು ಪ್ರಸಿದ್ಧ ಘಟನೆ ಇದೆ. ಒಂದು ಬಟ್ಟೆಯಲ್ಲಿ ದೋಷವಿದೆ, ಗಿರಾಕಿಗೆ ತಿಳಿಸಿಯೇ ಮಾರಬೇಕು ಎಂದು ಪಾಲುದಾರರಿಗೆ ಹೇಳಿದ್ದರು. ಅವರು ಮರೆತು ಮಾರಿದರು, ಕೊಂಡವರು ಯಾರೆಂದೂ ತಿಳಿಯಲಿಲ್ಲ. ಇಮಾಮರು ಆ ಮಾಲಿನ ಅಷ್ಟೂ ಹಣವನ್ನು ದಾನ ಮಾಡಿದರು.

ಹಾಗಾದರೆ ಮಾರುವ ಕೌದಿಯ ಪ್ರತಿ ಓರೆ ಹೊಲಿಗೆಯೂ ದೋಷವೇ? ಅಲ್ಲ. ನಮ್ಮ ಶಾಫಿಈ ಫಿಕ್ಹ್‌ನಲ್ಲಿ ದೋಷಕ್ಕೆ ಅಳತೆ ಇದೆ. ಬೆಲೆಯನ್ನು ಇಳಿಸುವ ಅಥವಾ ಕೊಂಡ ಉದ್ದೇಶವನ್ನು ಕೆಡಿಸುವ, ಆ ಬಗೆಯ ವಸ್ತುವಿನಲ್ಲಿ ಸಾಮಾನ್ಯವಾಗಿ ಇರದ ಕೊರತೆಯೇ ದೋಷ. ಅದನ್ನು ತಿಳಿಸದೆ ಮಾರಿದರೆ ಹಿಂದಿರುಗಿಸುವ ಹಕ್ಕು ಕೊಂಡವರಿಗಿದೆ. ಹನಫೀ ವಿದ್ವಾಂಸರು ವ್ಯಾಪಾರಿಗಳ ರೂಢಿಯಲ್ಲಿ ಬೆಲೆ ಇಳಿಸುವುದು ಯಾವುದೋ ಅದೇ ದೋಷ ಎನ್ನುತ್ತಾರೆ. ಕೈಹೊಲಿಗೆಯಲ್ಲಿ ಸಾಲು ಸ್ವಲ್ಪ ಅತ್ತಿತ್ತ ಆಗುವುದು ಸಹಜ, ಅದು ದೋಷವಲ್ಲ. ಬಣ್ಣ ಬಿಡುವ ಬಟ್ಟೆ, ಒಳಗೆ ಹರಿದ ಪದರ, ಹೇಳಿದ ಅಳತೆಗಿಂತ ಚಿಕ್ಕದಾದದ್ದು ದೋಷ. ಸರಿಪಡಿಸಿ, ಆಗದಿದ್ದರೆ ತೋರಿಸಿ, ಹೇಳಿ, ಬೆಲೆ ಇಳಿಸಿ ಮಾರಿ.

ಪರಿಪೂರ್ಣತೆ ಅಲ್ಲಾಹನಿಗೆ ಮಾತ್ರ ಸೇರಿದ್ದು, ಆದ್ದರಿಂದ ಬೇಕೆಂದೇ ಒಂದು ತಪ್ಪು ಬಿಡಬೇಕು ಎಂಬ ಮಾತೂ ಕೆಲವರ ಬಾಯಲ್ಲಿದೆ. ದೀನ್ ಹಾಗೆ ಕಲಿಸಿಲ್ಲ. ನಾವು ಎಷ್ಟೇ ಜಾಗ್ರತೆ ವಹಿಸಿದರೂ ತಪ್ಪು ತಾನಾಗಿಯೇ ಬರುತ್ತದೆ. ಮನಸ್ಸಿಟ್ಟು ಹೊಲಿಯುವುದಷ್ಟೇ ನಮ್ಮ ಪಾಲು.

ಬಿಚ್ಚುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಕೊರತೆಯಿಂದ ಇನ್ನೊಬ್ಬರ ಹಕ್ಕಿಗೋ ಜೀವಕ್ಕೋ ಧಕ್ಕೆ ಇದೆಯೇ, ಅಥವಾ ನೋಡಿದವರು ಏನೆಂದಾರು ಎಂಬ ನನ್ನ ಹೆಮ್ಮೆಗೆ ಮಾತ್ರ ಧಕ್ಕೆಯೇ? ಮೊದಲನೆಯದಾದರೆ ಆಲಸ್ಯ ಬೇಡ. ಎರಡನೆಯದಾದರೆ ಸೂಜಿ ಕೆಳಗಿಡಿ.

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಪ್ರಾಮಾಣಿಕತೆಯನ್ನೂ ನಮ್ಮ ಹಿರಿಯರ ಕೈಗಳಿಗೆ ಬಲವನ್ನೂ ಕರುಣಿಸಲಿ. ನಮ್ಮ ಓರೆಯಾದ ಅಮಲ್‌ಗಳನ್ನೂ ತನ್ನ ದಯೆಯಿಂದ ಸ್ವೀಕರಿಸಲಿ. ಆಮೀನ್.